ಬಿಕ್ಕಳಿಸಿದ್ದಕ್ಕೆ ಯಾರೂ ಬಡಿಯುವುದಿಲ್ಲ

ನಮ್ಮ ಕಡೆ ಚಾಳಿ ಅಂತ ಒಂದು ಮಾತಿದೆ. ಬೀಡಿ ಸೇದುವುದು ಚಾಳಿ, ಸುಳ್ಳು ಹೇಳುವುದು ಚಾಳಿ, ಅಪ್ಪನ ಅಂಗಿಯ ಕಿಸೆಯಿಂದ ಚಿಲ್ಲರೆ ಎತ್ತುವುದು ಚಾಳಿ. ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿ ಆರೇಳು ವರ್ಷದ ಕೂಸು ದಿನಕ್ಕೆ ನೂರಾರು ಸಲ ಕಣ್ಣು ಪಿಳುಕಿಸಿದರೆ, ಹೆಗಲು ಕುಣಿಸಿದರೆ, ಗಂಟಲಲ್ಲಿ ಸುಮ್ಮಸುಮ್ಮನೆ ಸದ್ದು ಮಾಡಿದರೆ ಅದಕ್ಕೂ ಇದೇ ಮಾತು. “ಹುಡುಗಗ ಒಂದ್ ಕೆಟ್ಟ ಚಾಳಿ ಬಿದ್ದೈತ್ರಿ.” ಈ ಪದ ಒಮ್ಮೆ ಬಾಯಿಂದ ಬಿತ್ತೆಂದರೆ ಮುಂದಿನದೆಲ್ಲ ತಾನಾಗಿ ಹಿಂಬಾಲಿಸುತ್ತದೆ. ಚಾಳಿಯಾದರೆ ಬಿಡಿಸಬೇಕು. ಬಿಡಿಸಲು ಬೈಯಬೇಕು. ಬೈದರೂ ಬಿಡದಿದ್ದರೆ ಬಡಿಯಬೇಕು. ಬಡಿದರೂ ಬಿಡದಿದ್ದರೆ ತಾಯಿ ಬೆಳೆಸಿದ್ದೇ ಸರಿ ಇಲ್ಲ. ನನ್ನ ಜಗಳ ಈ ಪದದ ಜೊತೆಗೆ, ಮತ್ತು ಅದನ್ನು ಓದು ಬರಹ ಬಲ್ಲವರೇ ಹೆಚ್ಚು ಬಳಸುತ್ತಿರುವುದರ ಜೊತೆಗೆ.

ವೈದ್ಯರು ಇದನ್ನು ಟಿಕ್ ಎನ್ನುತ್ತಾರೆ. ಚಲನೆಯನ್ನು ಹೊರಡಿಸುವ, ತಡೆಯುವ ಕೆಲಸ ಮಿದುಳಿನ ಕೆಲವು ಭಾಗಗಳದ್ದು. ಆ ತಡೆ ಕೊಂಚ ಸಡಿಲವಾದಾಗ ಹೀಗೆ ಚಲನೆಯೋ ಸದ್ದೋ ಹೊರಬೀಳುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರರ ವಯಸ್ಸಿಗೆ ಶುರುವಾಗಿ, ಹತ್ತು ಹನ್ನೆರಡರ ಸುಮಾರಿಗೆ ಜೋರಾಗಿ, ಹರೆಯ ದಾಟುವಷ್ಟರಲ್ಲಿ ಬಹಳಷ್ಟು ಮಕ್ಕಳಲ್ಲಿ ಇಳಿಯುತ್ತದೆ. ಶಾಲೆಗೆ ಹೋಗುವ ವಯಸ್ಸಿನ ಐದು ಮಕ್ಕಳಲ್ಲಿ ಒಂದಕ್ಕಾದರೂ ಯಾವಾಗಲೋ ಒಮ್ಮೆ ಟಿಕ್ ಬಂದು ಹೋಗಬಹುದು ಎನ್ನುತ್ತಾರೆ. ಗಂಡುಮಕ್ಕಳಲ್ಲಿ ಹೆಚ್ಚು. ಹಲವು ಬಗೆಯ ಚಲನೆ, ಜೊತೆಗೆ ಸದ್ದು, ಎರಡೂ ಇದ್ದು ವರ್ಷ ದಾಟಿದರೆ ಅದಕ್ಕೆ ಟುರೆಟ್ ಸಿಂಡ್ರೋಮ್ ಎಂದು ಹೆಸರು. ಅದು ನೂರರಲ್ಲಿ ಒಂದು ಮಗುವಿನ ಆಸುಪಾಸು, ಅಥವಾ ಅದಕ್ಕೂ ಕಡಿಮೆ.

ಎಲ್ಲ ತಪ್ಪು ತಿಳಿವಳಿಕೆಯ ಬೇರು ಇರುವುದು ಇನ್ನೊಂದು ಸಂಗತಿಯಲ್ಲಿ: ಟಿಕ್ಕನ್ನು ಸ್ವಲ್ಪ ಹೊತ್ತು ತಡೆಹಿಡಿಯಬಹುದು. ಸೀನು ತಡೆದ ಹಾಗೆ. ತುಸು ದೊಡ್ಡ ಮಕ್ಕಳು ಹೇಳುತ್ತಾರೆ, ಅದು ಬರುವ ಮೊದಲು ಆ ಜಾಗದಲ್ಲಿ ಏನೋ ಒತ್ತಿದಂತೆ, ತುರಿಸಿದಂತೆ ಆಗುತ್ತದೆ, ಮಾಡಿದ ಮೇಲೆ ಹಗುರವಾಗುತ್ತದೆ ಅಂತ. ಸಣ್ಣವರಿಗೆ ಇದನ್ನು ಹೇಳಲಿಕ್ಕೂ ಬರುವುದಿಲ್ಲ. ಹುಡುಗ ಶಾಲೆಯಲ್ಲಿ ಮೈ ಬಿಗಿಹಿಡಿದು ಕೂತು, ಮನೆಯ ಹೊಸ್ತಿಲು ದಾಟಿದ ಕೂಡಲೇ ಸಡಿಲ ಬಿಡುತ್ತಾನೆ. ಆಗ ನಮ್ಮವರ ತರ್ಕ ನೋಡಿ: “ಸಾಲ್ಯಾಗ ಸುಮ್ಮ ಇರ್ತಾನ, ಮನ್ಯಾಗ ಮಾಡ್ತಾನ. ಅಂದ್ರ ಬೇಕಂತ ಮಾಡ್ತಾನ.” ಮೂರು ತಾಸು ಬಸ್ಸಿನಲ್ಲಿ ತಡೆದುಕೊಂಡು ಕೂತವನು ಊರಿಗೆ ಬಂದು ಇಳಿದ ಕೂಡಲೇ ಮರೆಗೆ ಓಡಿದರೆ ಬೇಕಂತಲೇ ಓಡಿದ ಅನ್ನುತ್ತೇವೆಯೇ?

ನಾನು ವೈದ್ಯನಲ್ಲ. ಧಾರವಾಡದಲ್ಲಿ ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಹೆಣ್ಣುಮಕ್ಕಳ ಹಾಡು ಕೇಳಿ ಬರೆದುಕೊಳ್ಳಲು ರೋಣ, ಗಜೇಂದ್ರಗಡದ ಹಳ್ಳಿಗಳಿಗೆ ನಾಲ್ಕು ವರ್ಷದಿಂದ ತಿರುಗುತ್ತಿದ್ದೇನೆ. ಹಾಡು ಕೇಳಲು ಕೂತರೆ ಮಕ್ಕಳು ಕಣ್ಣಿಗೆ ಬೀಳುತ್ತಾರೆ. ಅವ್ವಂದಿರು ಹಾಡಿನ ನಡುವೆ ನಿಲ್ಲಿಸಿ ಮಗುವಿಗೆ ಗದರುವುದೂ ಬೀಳುತ್ತದೆ. ನರಗುಂದಕ್ಕೆ ಕೊಟ್ಟ ನಮ್ಮ ಅಕ್ಕನ ಮಗನಿಗೂ ಇದೇ ಇತ್ತು, ಇದೆ. ಮೊದಲು ಕಣ್ಣು, ಆಮೇಲೆ ಹೆಗಲು, ಈಗ ಗಂಟಲು. ಅಕ್ಕ ಮಾಡಿದ್ದನ್ನೆಲ್ಲ ಪಟ್ಟಿ ಮಾಡಿದರೆ ಪುಟ ಸಾಲದು: ಕಣ್ಣಿಗೆ ಡ್ರಾಪ್ಸ್, ಚಸ್ಮಾ, ಕೆಮ್ಮಿನ ಸಿರಪ್, ಜಂತಿನ ಗುಳಿಗೆ, ದೃಷ್ಟಿ ತೆಗೆಸುವುದು, ಕೊರಳಿಗೆ ತಾಯತ, ಗಜೇಂದ್ರಗಡದ ಕಾಲಕಾಲೇಶ್ವರನಿಗೆ ಹರಕೆ, ಮೊಬೈಲು ಟ್ರೆಜರಿಯಲ್ಲಿ ಇಟ್ಟು ಕೀಲಿ. “ತಮ್ಮಾ, ಎಲ್ಲಾದ್ರಿಂದನೂ ಹದಿನೈದ್ ದಿನ ಕಡಿಮಿ ಆತು, ಮತ್ತ ಬಂತು” ಅಂದಳು.

ಟಿಕ್ಕಿನ ಸ್ವಭಾವವೇ ಏರಿಳಿತ. ಕೆಲವು ವಾರ ಜೋರು, ಕೆಲವು ವಾರ ಇಲ್ಲವೇ ಇಲ್ಲ, ಆಮೇಲೆ ಬೇರೆ ರೂಪದಲ್ಲಿ ಬೇರೆ ಜಾಗದಲ್ಲಿ ಹಾಜರು. ತಂದೆತಾಯಿ ಮದ್ದು ಹುಡುಕಿಕೊಂಡು ಹೊರಡುವುದು ಯಾವಾಗ? ಅತಿ ಜೋರಾದಾಗ. ಅಲ್ಲಿಂದ ಅದು ಹೇಗಿದ್ದರೂ ಇಳಿಯಲೇಬೇಕು. ಇಳಿದಾಗ ಕೈಯಲ್ಲಿ ಏನಿತ್ತೋ ಅದಕ್ಕೆ ಕೀರ್ತಿ. ಚಸ್ಮಾ ಇದ್ದರೆ ಚಸ್ಮಾಕ್ಕೆ, ತಾಯತ ಇದ್ದರೆ ತಾಯತಕ್ಕೆ, ಬಡಿದಿದ್ದರೆ ಬಡಿತಕ್ಕೆ. ಈ ಕೊನೆಯದೇ ನನಗೆ ಭಯ ಹುಟ್ಟಿಸುವುದು. “ಎರಡು ಬಿಟ್ಟೆ ನೋಡ್ರಿ, ಒಂದ್ ತಿಂಗಳು ಸುದ್ದಿ ಇಲ್ಲ” ಎಂದು ಹೆಮ್ಮೆಯಿಂದ ಹೇಳುವ ಅಪ್ಪಂದಿರನ್ನು ಕಂಡಿದ್ದೇನೆ. ಅವರು ಸುಳ್ಳು ಹೇಳುತ್ತಿಲ್ಲ. ಒಂದು ತಿಂಗಳು ಸುದ್ದಿ ಇರಲಿಲ್ಲ ನಿಜ. ಮತ್ತೆ ಬಂದಾಗ ಅವರ ಕೈಯಲ್ಲಿ ‘ಕೆಲಸ ಮಾಡಿದ’ ಮದ್ದು ಸಿದ್ಧವಿರುತ್ತದೆ, ಪ್ರಮಾಣ ಮಾತ್ರ ಹೆಚ್ಚುತ್ತದೆ.

ಹಳ್ಳಿಯ ಅಜ್ಞಾನ, ಮೂಢನಂಬಿಕೆ ಎಂದು ಬರೆದು ಮುಗಿಸುವುದು ನಮ್ಮಂಥವರಿಗೆ ಸುಲಭ. ನನಗೆ ಒಪ್ಪಿಗೆ ಇಲ್ಲ. ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕುವ ಆಯಿ ಏನು ಹೇಳುತ್ತಾಳೆ? “ನನ್ ಕೂಸಿಗೆ ಯಾರದೋ ಕಣ್ಣ ಹತ್ಯಾವ.” ಕಾರಣ ತಪ್ಪು. ಆದರೆ ಅವಳ ವಿವರಣೆಯಲ್ಲಿ ಕೂಸು ತಪ್ಪಿತಸ್ಥ ಅಲ್ಲ. ತಪ್ಪು ಹೊರಗಿನದು, ಕೂಸು ಅನುಭವಿಸುವವನು. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಅವಳು ದೃಷ್ಟಿ ತೆಗೆಯುವುದು. ಅದೇ ಶಾಲೆಯ ಡೈರಿಯಲ್ಲಿ ಕೆಂಪು ಶಾಯಿಯಿಂದ ‘ತರಗತಿಯಲ್ಲಿ ವಿಚಿತ್ರ ಸದ್ದು ಮಾಡಿ ಗಮನ ಸೆಳೆಯುತ್ತಾನೆ, ಮನೆಯಲ್ಲಿ ಶಿಸ್ತು ಕಲಿಸಿ’ ಎಂದು ಬರೆದು ಕಳಿಸುವ ಬಿ.ಎಡ್. ಮಾಡಿದ ಗುರುಗಳಿದ್ದಾರಲ್ಲ, ಅವರ ವಿವರಣೆಯಲ್ಲಿ ತಪ್ಪು ಏಳು ವರ್ಷದ ಹುಡುಗನದ್ದು, ಅವನ ಹಿಂದೆ ಅವನ ತಾಯಿಯದ್ದು. ಇಬ್ಬರಲ್ಲಿ ಯಾರು ಹೆಚ್ಚು ಅಪಾಯ? ತಾಯತ ದೊಡ್ಡ ಮದ್ದೆಂದು ನಾನು ವಾದಿಸುತ್ತಿಲ್ಲ, ಬರೆ ಹಾಕುವ ಕಡೆ ಕರೆದೊಯ್ಯುವವರನ್ನು ತಡೆಯಲೇಬೇಕು. ಆದರೆ ಆಯಿಯನ್ನು ಬೈದು ಡೈರಿಯನ್ನು ಸುಮ್ಮನೆ ಬಿಡುವ ವೈಚಾರಿಕತೆ ನನಗೆ ಬೇಡ.

ಮೊಬೈಲಿನ ಮಾತೂ ಇಂಥದ್ದೇ. ನಿದ್ದೆಗೆಟ್ಟರೆ, ದಣಿದರೆ, ಗಾಬರಿಯಾದರೆ, ಅಷ್ಟೇ ಏಕೆ, ಜಾತ್ರೆಗೆ ಹೋಗುವ ಖುಷಿಗೂ ಟಿಕ್ ಹೆಚ್ಚಾಗುತ್ತದೆ. ರಾತ್ರಿ ಹನ್ನೊಂದರವರೆಗೆ ಮೊಬೈಲು ನೋಡಿದ ಮಗುವಿಗೆ ಮರುದಿನ ಹೆಚ್ಚಾದರೆ ಆಶ್ಚರ್ಯವಿಲ್ಲ, ನಿದ್ದೆ ಕೊಡಿಸಿ. ಆದರೆ ಟುರೆಟ್ ಎಂಬ ಫ್ರೆಂಚ್ ವೈದ್ಯ ಒಂಬತ್ತು ರೋಗಿಗಳ ವಿವರ ಬರೆದದ್ದು 1885ರಲ್ಲಿ. ಆ ಕಾಲದಲ್ಲಿ ಯಾವ ಅವ್ವ ಯಾವ ಮೊಬೈಲು ಕೊಟ್ಟಿದ್ದಳು? ಪಶ್ಚಿಮದವರೂ ಇದರಲ್ಲಿ ಜಾಣರೇನಲ್ಲ. ಟುರೆಟ್ ನರಗಳ ಕಾಯಿಲೆಯೆಂದು ಬರೆದ ಮೇಲೂ, ಮುಂದಿನ ಶತಮಾನದ ಬಹುಭಾಗ ಮನೋವಿಶ್ಲೇಷಕರು ಟಿಕ್ಕಿನಲ್ಲಿ ಅದುಮಿಟ್ಟ ಕಾಮವನ್ನು, ತಾಯ್ತನದ ದೋಷವನ್ನು ಹುಡುಕಿದರು. 1921ರಲ್ಲಿ ಫೆರೆಂಜಿ ಬರೆದ ಪ್ರಬಂಧ ಈ ಹಾದಿಯದ್ದು. 1968ರಲ್ಲಿ ಶಪಿರೊ ದಂಪತಿ ಹ್ಯಾಲೊಪೆರಿಡಾಲ್ ಎಂಬ ಔಷಧದಿಂದ ಒಬ್ಬ ಹೆಣ್ಣುಮಗಳ ಟಿಕ್ ಇಳಿದದ್ದನ್ನು ವರದಿ ಮಾಡಿ, ಇದು ಮನೆಯವರ ತಪ್ಪಲ್ಲ ಎಂದು ವಾದಿಸಿದರು. 1972ರಲ್ಲಿ ನ್ಯೂಯಾರ್ಕಿನಲ್ಲಿ ಟುರೆಟ್ ಸಂಘ ಕಟ್ಟಿದವರು ಇಂಥ ಮಕ್ಕಳ ತಂದೆತಾಯಿಗಳು. ದೂಷಣೆಗೆ ಒಳಗಾದವರೇ ಎದ್ದು ನಿಂತ ಚರಿತ್ರೆ ಅದು. ನಮ್ಮಲ್ಲಿ ಅವರು ಇನ್ನೂ ಒಬ್ಬೊಬ್ಬರೇ ಇದ್ದಾರೆ, ಮದುವೆಮನೆಗಳಲ್ಲಿ ಮಗುವನ್ನು ಸೆರಗಿನ ಹಿಂದೆ ಮರೆಮಾಡಿಕೊಂಡು.

ಹಾಗಾದರೆ ಈ ತಂದೆತಾಯಿಗಳಿಗೆ ಏನು ಹೇಳುವುದು? ಎಲ್ಲ ಆರೋಗ್ಯ ಅಂಕಣಗಳೂ ಒಂದೇ ಸಾಲು ಹೇಳುತ್ತವೆ: ‘ಗಮನ ಕೊಡಬೇಡಿ.’ ಮಾತು ಸರಿ. ‘ಮಾಡಬ್ಯಾಡ’ ಎಂದಷ್ಟೂ ಟಿಕ್ ಹೆಚ್ಚುತ್ತದೆ, ನೆನಪಿಸಿದರೆ ಬರುತ್ತದೆ, ಮಗು ಆಟದಲ್ಲೋ ಹಾಡಿನಲ್ಲೋ ಮುಳುಗಿದ್ದಾಗ ಇಳಿಯುತ್ತದೆ. ಆದರೆ ಬರೆದವರು ಗಜೇಂದ್ರಗಡದ ನೇಕಾರ ಓಣಿಯ ಮನೆಯೊಳಗೆ ಕಾಲಿಟ್ಟಿದ್ದಾರೆಯೇ? ಒಂದೇ ಪಡಸಾಲೆ, ಅದರ ಅರ್ಧ ಮಗ್ಗಕ್ಕೆ, ಉಳಿದದ್ದರಲ್ಲಿ ಆರು ಜನ. ಅಲ್ಲಿ ಯಾರು ಯಾರಿಗೆ ಗಮನ ಕೊಡದೆ ಇರಲು ಸಾಧ್ಯ? ಅವ್ವ ಸುಮ್ಮನಿದ್ದರೂ ಅತ್ತೆ ಅನ್ನುತ್ತಾಳೆ, ಅತ್ತೆ ಸುಮ್ಮನಿದ್ದರೆ ನೆಗೆಣ್ಣಿಯ ಮಕ್ಕಳು ಅಣಕಿಸುತ್ತಾರೆ. ಸುಮ್ಮನಿದ್ದ ಸೊಸೆಗೆ ‘ಮಗನ ಬಗ್ಗೆ ಕಾಳಜಿ ಇಲ್ಲ’ ಎಂಬ ಇನ್ನೊಂದು ಪಟ್ಟ ಬೇರೆ. ಹಾಗಾಗಿ ಸಲಹೆ ತಾಯಿಯೊಬ್ಬಳಿಗೆ ಕೊಟ್ಟರೆ ನಡೆಯುವುದಿಲ್ಲ. ಅಜ್ಜನಿಗೆ, ಕಾಕಾನಿಗೆ, ಪಕ್ಕದ ಮನೆಯವರಿಗೆ, ಮುಖ್ಯವಾಗಿ ತರಗತಿಯ ಎಲ್ಲ ಮಕ್ಕಳಿಗೆ ಹೇಳಬೇಕು. ಹೇಳಲು ಮಾತು ಬೇಕು.

ಆ ಮಾತು ನಮ್ಮಲ್ಲೇ ಇದೆ ಎಂದು ನನ್ನ ವಾದ. ‘ಸೆಳೆತ’ ಅಂದರೆ ಜನ ಮೂರ್ಛೆರೋಗ ಎಂದು ಹೆದರುತ್ತಾರೆ. ಟಿಕ್ಕಿನಲ್ಲಿ ಎಚ್ಚರ ತಪ್ಪುವುದಿಲ್ಲ. ‘ಟಿಕ್’ ಅಂದರೆ ಗಡಿಯಾರವೋ ಗುರುತೋ ಅಂದುಕೊಳ್ಳುತ್ತಾರೆ. ಬಿಕ್ಕಳಿಕೆ ಅನ್ನಿ. ಬಿಕ್ಕಳಿಕೆ ಎಲ್ಲರಿಗೂ ಗೊತ್ತು: ಬೇಡವೆಂದರೂ ಬರುತ್ತದೆ, ಕೊಂಚ ತಡೆಯಬಹುದು, ಮತ್ತೆ ಬರುತ್ತದೆ, ಯಾರ ತಪ್ಪೂ ಅಲ್ಲ. ಮಗು ಬಿಕ್ಕಳಿಸಿದರೆ ನಮ್ಮಲ್ಲಿ “ಯಾರೋ ನೆನಸಾಕತ್ತಾರ” ಎನ್ನುತ್ತೇವೆ. ಇಲ್ಲವೇ ಗಾಬರಿ ಮಾಡಲು “ಏನೋ ಕದ್ದೀಯಂತಲ್ಲ!” ಎಂದು ಸುಳ್ಳು ಆರೋಪ ಹೊರಿಸಿ, ಮಗುವಿನ ಮುಖ ನೋಡಿ ನಗುತ್ತೇವೆ. ಟಿಕ್ ಇರುವ ಮಗುವಿಗೂ ಇದೇ ಆರೋಪ ಹೊರಿಸುತ್ತೇವೆ, ದಿನವಿಡೀ, ಮತ್ತು ಕೊನೆಗೆ ನಗುವುದಿಲ್ಲ. ಟುರೆಟ್ ಇರುವ ಶಿಕ್ಷಕಿಯ ಕಥೆಯಿರುವ ಹಿಂದಿ ಸಿನಿಮಾ 2018ರಲ್ಲಿ ಬಂದಾಗ ಅದರ ಹೆಸರು ‘ಹಿಚ್ಕಿ’, ಅಂದರೆ ಬಿಕ್ಕಳಿಕೆ. ಅಮೆರಿಕದ ಶಿಕ್ಷಕ ಬ್ರಾಡ್ ಕೊಹೆನ್ ಅವರ ಬದುಕು ಅದರ ಮೂಲ. ಸಿನಿಮಾ ಸಾಧಾರಣ ಅನ್ನಿಸಿತು ನನಗೆ, ಹೆಸರು ಮಾತ್ರ ಬಂಗಾರ. ನಾವು ಕನ್ನಡದವರು ಏನು ಮಾಡಿದ್ದೇವೆ? ಕಂಪನಿ ನಾಟಕದಿಂದ ಸಿನಿಮಾದವರೆಗೆ ತೊದಲುವವನನ್ನು, ಕಣ್ಣು ಪಿಳುಕಿಸುವವನನ್ನು ನಗೆಪಾತ್ರಕ್ಕೆ ಇಟ್ಟುಕೊಂಡಿದ್ದೇವೆ.

ಇದೇ ರೋಣದಲ್ಲಿ 1922ರಲ್ಲಿ ಭೀಮಸೇನ ಜೋಶಿ ಹುಟ್ಟಿದರು. ಹಾಡುವಾಗ ಅವರ ಕೈ, ಮುಖ, ಇಡೀ ಮೈ ಹೇಗೆ ತಿರುಚುತ್ತಿತ್ತು ಎಂಬುದನ್ನು ಈಗಲೂ ನಮ್ಮ ಹಿರಿಯರು ಕಣ್ಣಲ್ಲಿ ನೀರು ತುಂಬಿಕೊಂಡು ವರ್ಣಿಸುತ್ತಾರೆ. ಅದು ಟಿಕ್ ಆಗಿತ್ತು ಎಂದು ಯಾರೂ ಓದಿಕೊಳ್ಳಬೇಡಿ, ಅದು ಸ್ವರದ ಹಿಂದೆ ಹೋದ ಮೈ. ನಾನು ಹೇಳುತ್ತಿರುವುದು ನೋಡುವವರ ಕಣ್ಣಿನ ಬಗ್ಗೆ. ಮೈ ಹೇಳಿದ ಮಾತು ಕೇಳದೆ ತನ್ನ ಪಾಡಿಗೆ ಕುಣಿಯುವುದನ್ನು ಪ್ರೀತಿಯಿಂದ ನೋಡಲು ಈ ಸೀಮೆಗೆ ಬರುತ್ತದೆ. ಏಳು ವರ್ಷದವನ ಹೆಗಲಿಗೆ ಮಾತ್ರ ಆ ಔದಾರ್ಯ ಸಿಗುತ್ತಿಲ್ಲ.

ಇನ್ನು ಸರ್ಕಾರದ ಕಡೆಗೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅವರ 30 ತೊಂದರೆಗಳ ಪಟ್ಟಿಯಲ್ಲಿ ಹುಳುಕು ಹಲ್ಲಿದೆ, ಮೂರ್ಛೆ ಇದೆ, ಕಲಿಕೆಯ ತೊಂದರೆ ಇದೆ, ಎಡಿಎಚ್‌ಡಿ ಕೂಡ ಇದೆ. ಟಿಕ್ ಇಲ್ಲ. ಎಡಿಎಚ್‌ಡಿ ಮತ್ತು ಗೀಳು ಕಾಯಿಲೆ ಟಿಕ್ಕಿನ ಜೊತೆ ಎಷ್ಟೋ ಸಲ ಒಟ್ಟಿಗೆ ಬರುತ್ತವೆ, ಹಲವು ಮಕ್ಕಳಿಗೆ ಟಿಕ್ಕಿಗಿಂತ ಹೆಚ್ಚು ಕಾಡುವುದೂ ಅವೇ. ಒಂದು ಸಾಲು ಸೇರಿಸಿದರೆ ಗುರುಗಳ ಡೈರಿಗೆ ಬದಲಾಗಿ ತಂಡದ ಚೀಟಿ ಮನೆಗೆ ಹೋದೀತು. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋಚೈತನ್ಯದ ಹೆಸರಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳಿಸುವ ಯೋಜನೆ 2014ರಲ್ಲಿ ಇದೇ ರಾಜ್ಯದಲ್ಲಿ ಶುರುವಾಯಿತು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ದಾರಿಗಳಿವೆ. ಆದರೆ ಕಣ್ಣು ಪಿಳುಕಿಸುವ ಮಗುವನ್ನು ಮಂಗಳವಾರದ ಆ ಕೋಣೆಗೆ ಒಯ್ಯಬಹುದು ಎಂದು ಯಾರೂ ಯಾರಿಗೂ ಹೇಳಿಲ್ಲ. ಹೇಳಿದರೂ ಹೋಗುವುದು ಸುಲಭವಲ್ಲ. “ಇಂವನ್ನ ಧಾರವಾಡಕ್ಕ ಕಳಸ್ರಿ” ಎಂಬುದು ನಮ್ಮಲ್ಲಿ ಇವತ್ತಿಗೂ ಚೇಷ್ಟೆಯ ಮಾತು, ಅರ್ಥ ಎಲ್ಲರಿಗೂ ಗೊತ್ತು. ಧಾರವಾಡದಲ್ಲಿ ಓದುತ್ತಿದ್ದೇನೆ ಎಂದರೆ ನನಗೂ ಒಮ್ಮೆ ನಗುತ್ತಾರೆ. ಡಿಮ್ಹಾನ್ಸ್ ಎಂದು ಬೋರ್ಡು ಬದಲಾದರೂ ಮಾತು ಬದಲಾಗಿಲ್ಲ.

ಎಲ್ಲ ಟಿಕ್ಕಿಗೂ ಆಸ್ಪತ್ರೆ ಬೇಕಿಲ್ಲ. ಕುತ್ತಿಗೆ ನೋಯುವಷ್ಟು ಝಾಡಿಸುತ್ತಿದ್ದರೆ, ಓದು ನಿದ್ದೆ ಕೆಡುತ್ತಿದ್ದರೆ, ಮಗು ಶಾಲೆಗೆ ಹೋಗಲು ಅಳುತ್ತಿದ್ದರೆ, ಎಚ್ಚರ ತಪ್ಪುತ್ತಿದ್ದರೆ ತಡಮಾಡದೆ ತೋರಿಸಬೇಕು. ಔಷಧಗಳಿವೆ. ಔಷಧವಿಲ್ಲದ ತರಬೇತಿಯೂ ಇದೆ: ಒತ್ತರ ಬಂದದ್ದನ್ನು ಗುರುತಿಸಿ, ಅದಕ್ಕೆ ಎದುರಾದ ಇನ್ನೊಂದು ಚಲನೆಯನ್ನು ಮಗು ಕಲಿಯುವುದು. 2010ರಲ್ಲಿ ಅಮೆರಿಕದಲ್ಲಿ 126 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಈ ತರಬೇತಿ ಪಡೆದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಕ್ಕಳಿಗೆ ಗುಣ ಕಂಡಿತು. ಅದರಲ್ಲಿ ತಂದೆತಾಯಿಯ ಪಾಲು ದೊಡ್ಡದು. ಯಾವ ಹೊತ್ತಲ್ಲಿ ಹೆಚ್ಚುತ್ತದೆ, ಆಗ ಮನೆಯಲ್ಲಿ ಯಾರು ಏನು ಅಂದರು ಎಂದು ಬರೆದಿಡುವುದು ಅವರ ಕೆಲಸ. ಅಕ್ಕ ಈಗ ಹಳೆಯ ಕಿರಾಣಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಇದನ್ನು ಬರೆಯುತ್ತಾಳೆ. ಮೊದಲ ವಾರದ ಬರಹದಲ್ಲಿ ಟಿಕ್ಕಿಗಿಂತ ಹೆಚ್ಚಿಗೆ ಇದ್ದದ್ದು ಮನೆಯವರ ಮಾತು.

ಗುರುಗಳಿಗೆ ನನ್ನ ಕೋರಿಕೆ ಸಣ್ಣದು. ಗಂಟಲು ಸದ್ದು ಮಾಡುವ ಹುಡುಗನನ್ನು ಪರೀಕ್ಷೆಯ ದಿನ ಕಿಟಕಿ ಪಕ್ಕದ ಕೊನೆಯ ಬೆಂಚಿಗೆ ಕೂರಿಸಿ, ಬೇಕೆನಿಸಿದಾಗ ಐದು ನಿಮಿಷ ನೀರಿನ ಟಾಕಿಯ ಹತ್ತಿರ ಹೋಗಿಬರಲು ಬಿಡಿ. ಅದಕ್ಕೆ ಬೆಂಗಳೂರಿನಿಂದ ಸುತ್ತೋಲೆ ಬರಬೇಕಿಲ್ಲ.