ಇಬ್ಬರ ಅಡುಗೆಗೆ ಆರು ಜನರ ಉಪ್ಪು

ನಿಮ್ಮ ಮನೆಯಲ್ಲಿ ಒಂದು ಕೆ.ಜಿ. ಉಪ್ಪಿನ ಪೊಟ್ಟಣ ಎಷ್ಟು ದಿನ ಬರುತ್ತದೆ? ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರಿನ ಲೆಕ್ಕ ಬಾಯಿಪಾಠ ಒಪ್ಪಿಸುವವರೂ ಈ ಪ್ರಶ್ನೆಗೆ ತಡವರಿಸುತ್ತಾರೆ. ಉಪ್ಪು ಅಗ್ಗದ ಸಾಮಾನು, ಮುಗಿದರೆ ತಂದರಾಯಿತು ಎಂಬ ಭಾವನೆ. ಆದರೆ ರಕ್ತದೊತ್ತಡದ ರೋಗಿಗಳನ್ನು ದಿನವೂ ನೋಡುವ ನನಗೆ, ಗುಳಿಗೆಗಳ ಚೀಟಿಯಷ್ಟೇ ಮುಖ್ಯವಾದ ಮಾಹಿತಿ ಇದು.

ಮೊದಲು ಅತ್ತೆ, ಮಾವ, ಇಬ್ಬರು ಮಕ್ಕಳು ಸೇರಿ ಆರು ಜನರಿದ್ದ ಮನೆ. ಹಿರಿಯರು ತೀರಿಕೊಂಡರು, ಮಗಳ ಮದುವೆಯಾಯಿತು, ಮಗ ಕೆಲಸಕ್ಕೆಂದು ಬೇರೆ ಊರಿಗೆ ಹೋದ. ಈಗ ಉಳಿದವರು ಅರವತ್ತು ದಾಟಿದ ಗಂಡ ಹೆಂಡತಿ ಇಬ್ಬರೇ. ಅಕ್ಕಿ, ಬೇಳೆ ಕಡಿಮೆಯಾಗಿವೆ, ಏಕೆಂದರೆ ಅವುಗಳಿಗೆ ಲೋಟ, ಪಾವು ಇದೆ. ಉಪ್ಪಿಗೆ ಮತ್ತು ಒಗ್ಗರಣೆಯ ಎಣ್ಣೆಗೆ ಮಾತ್ರ ಕೈಯೇ ಅಳತೆ. ಮೂವತ್ತು ವರ್ಷ ಆರು ಜನರಿಗೆ ಹಾಕಿ ಪಳಗಿದ ಕೈ ಅದು. ಮನೆ ಚಿಕ್ಕದಾಯಿತೆಂದು ಅದಕ್ಕೆ ಯಾರೂ ಹೇಳಲಿಲ್ಲ.

ಅಡುಗೆ ಪುಸ್ತಕಗಳೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. 'ನಾಲ್ಕು ಜನರಿಗೆ' ಎಂದು ಬರೆದು, ತೊಗರಿಬೇಳೆ ಇಷ್ಟು, ಹುಣಸೆಹಣ್ಣು ಇಷ್ಟು, ಸಾಸಿವೆ ಅರ್ಧ ಚಮಚ ಎಂದು ಎಲ್ಲಕ್ಕೂ ಲೆಕ್ಕ ಕೊಟ್ಟು, ಕೊನೆಯಲ್ಲಿ 'ಉಪ್ಪು ರುಚಿಗೆ ತಕ್ಕಷ್ಟು' ಎಂದು ಕೈತೊಳೆದುಕೊಳ್ಳುತ್ತವೆ. ನನ್ನನ್ನು ಕೇಳಿದರೆ, ಅಳತೆ ಕೊಡಲೇಬೇಕಾದ ಒಂದೇ ಒಂದು ಪದಾರ್ಥ ಉಪ್ಪು. ಸಾಸಿವೆ ಹೆಚ್ಚಾದರೆ ಯಾರಿಗೂ ಲಕ್ವ ಹೊಡೆಯುವುದಿಲ್ಲ.

ಲೆಕ್ಕ ಸುಲಭವಾಗಿದೆ. ವಯಸ್ಕರೊಬ್ಬರಿಗೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪಿನೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಪುಡಿ ಉಪ್ಪಾದರೆ ಮಟ್ಟಸವಾಗಿ ತುಂಬಿದ ಒಂದು ಟೀ ಚಮಚ. ಇಬ್ಬರಿಗೆ ದಿನಕ್ಕೆ 10 ಗ್ರಾಂ. ಒಂದು ಕೆ.ಜಿ. ಪೊಟ್ಟಣ ಇಬ್ಬರಿಗೆ 100 ದಿನ, ನಾಲ್ವರಿಗೆ 50 ದಿನ ಬರಬೇಕು. ಹಪ್ಪಳ, ಬ್ರೆಡ್, ಖಾರದ ತಿಂಡಿ, ಅಂಗಡಿಯ ಉಪ್ಪಿನಕಾಯಿ ಇವುಗಳಲ್ಲಿ ಬೇರೆ ಉಪ್ಪು ಒಳಗೆ ಹೋಗುವುದರಿಂದ, ನಿಜವಾಗಿ ಇನ್ನೂ ಹೆಚ್ಚು ದಿನ ಬರಬೇಕು.

ಎರಡು ಬಗೆಯ ಗುಳಿಗೆ ನುಂಗಿದರೂ ಒತ್ತಡ ಇಳಿಯದ ಒಬ್ಬರ ಹೆಂಡತಿಯನ್ನು ಈ ಪೊಟ್ಟಣದ ಪ್ರಶ್ನೆ ಕೇಳಿದೆ. "ತಿಂಗಳಿಗೊಂದು ಬೇಕೇ ಬೇಕು ಡಾಕ್ಟ್ರೇ. ಆದ್ರೆ ನಾನು ಜಾಸ್ತಿ ಏನೂ ಹಾಕಲ್ಲ, ಮೊದಲಿಂದ ಎಷ್ಟು ಹಾಕ್ತಿದ್ನೋ ಅಷ್ಟೇ" ಎಂದರು. ತಿಂಗಳಿಗೆ ಒಂದು ಕೆ.ಜಿ. ಎಂದರೆ ತಲೆಗೆ ದಿನಕ್ಕೆ 16 ಗ್ರಾಂ ದಾಟಿತು. ಚೆಲ್ಲಿದ್ದು, ತರಕಾರಿ ತೊಳೆದದ್ದು ಕಳೆದರೂ ಬೇಕಾದದ್ದರ ಎರಡು ಪಾಲಿಗಿಂತ ಹೆಚ್ಚು. ಆಕೆಯ ಮಾತಿನಲ್ಲಿ ಸುಳ್ಳಿರಲಿಲ್ಲ. 'ಮೊದಲಿಂದ ಅಷ್ಟೇ' ಎಂಬುದೇ ತೊಂದರೆಯ ಮೂಲ. (ಪೂರ್ತಿ ಹೊಣೆ ಅಡುಗೆ ಮಾಡುವವರ ಮೇಲೆ ಹೊರಿಸುವುದೂ ಸರಿಯಲ್ಲ. ಊಟಕ್ಕೆ ಕುಳಿತ ತಕ್ಷಣ, ರುಚಿ ನೋಡುವ ಮೊದಲೇ ಉಪ್ಪಿನ ಬಟ್ಟಲಿಗೆ ಕೈ ಹಾಕುವ ಯಜಮಾನರು ಎಷ್ಟು ಜನರಿಲ್ಲ!)

ಇಷ್ಟು ಉಪ್ಪಾದರೆ ನಾಲಿಗೆ ದೂರು ಹೇಳುವುದಿಲ್ಲವೇ ಎಂದು ನೀವು ಕೇಳಬಹುದು. ನಾಲಿಗೆ ಒಗ್ಗಿಹೋಗುತ್ತದೆ. ಜೊತೆಗೆ, ಹುಳಿ ಉಪ್ಪಾಯಿತೆನಿಸಿದಾಗ ನಾವು ಮಾಡುವುದೇನು? ಒಂದು ಲೋಟ ನೀರು, ಒಂದಿಷ್ಟು ತೆಂಗಿನಕಾಯಿ ಸೇರಿಸುತ್ತೇವೆ. ಇಬ್ಬರ ಹುಳಿ ನಾಲ್ವರದಾಗುತ್ತದೆ. ಉಳಿದದ್ದು ಫ್ರಿಜ್ ಸೇರಿ ಮರುದಿನ ಮತ್ತೆ ಕುದಿಯುತ್ತದೆ. ಪ್ರತಿ ಸಲ ಕುದಿದಾಗಲೂ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಅನ್ನದ ಕಥೆಯೂ ಇದೇ. ಚೆಲ್ಲಲು ಮನಸ್ಸು ಬಾರದೆ ಮಿಕ್ಕದ್ದನ್ನು ತಾನೇ ಬಡಿಸಿಕೊಳ್ಳುವ ಮಧುಮೇಹಿ ತಾಯಂದಿರನ್ನು ನಾನು ಬಹಳ ಕಂಡಿದ್ದೇನೆ.

ಪಾತ್ರೆಯ ಪಾತ್ರವೂ ಇದರಲ್ಲಿದೆ. ಆರು ಜನರ ಬಾಣಲೆಯಲ್ಲಿ ಇಬ್ಬರ ಪಲ್ಯ ಮಾಡಲು ಹೋದರೆ, ತಳ ನೆನೆಯುವುದಕ್ಕೇ ಹಳೆಯಷ್ಟು ಎಣ್ಣೆ ಬೇಕು. ಅಗಲ ಪಾತ್ರೆಯಲ್ಲಿ ಸ್ವಲ್ಪ ಸಾರು ಕುದಿಸಿದರೆ ಬೇಗ ಬತ್ತುತ್ತದೆ, ಉಪ್ಪು ಮುಂದಾಗುತ್ತದೆ. ಆದ್ದರಿಂದಲೇ ಅಕ್ಕಿ ಅರ್ಧ ಮಾಡಿದವರು ನೀರನ್ನು ಸರಿಯಾಗಿ ಅರ್ಧಕ್ಕಿಳಿಸಿದರೆ, ಮುಚ್ಚಳವಿಲ್ಲದ ಪಾತ್ರೆಯಲ್ಲಿ ಅನ್ನ ಗಟ್ಟಿಯಾಗುತ್ತದೆ. ಪದಾರ್ಥಗಳನ್ನು ಭಾಗಿಸಬಹುದು, ಪಾತ್ರೆಯ ಅಗಲವನ್ನೂ ಕುದಿಯುವ ಹೊತ್ತನ್ನೂ ಹಾಗೆ ಭಾಗಿಸಲಾಗದು. ಹಳೆಯ ಪಾತ್ರೆಗಳನ್ನು ಅಟ್ಟಕ್ಕೇರಿಸಿ, ಚಿಕ್ಕ ಬಾಣಲೆ, ಚಿಕ್ಕ ಕುಕ್ಕರ್ ಕೊಳ್ಳಿ. ತಿಂಗಳ ಔಷಧಿಯ ಬಿಲ್ಲಿನ ಮುಂದೆ ಅದು ದೊಡ್ಡ ಖರ್ಚಲ್ಲ.

ಉಪ್ಪಿಗೆ ಹೀಗೆ ಮಾಡಿ. ಬೆಳಿಗ್ಗೆ ಮನೆಯಲ್ಲಿ ಎಷ್ಟು ವಯಸ್ಕರಿದ್ದಾರೋ ಅಷ್ಟು ಮುಕ್ಕಾಲು ಟೀ ಚಮಚ ಪುಡಿ ಉಪ್ಪನ್ನು ಒಂದು ಬಟ್ಟಲಿಗೆ ತೆಗೆದಿಡಿ. ಅಯೋಡೀನ್ ಇರುವ ಉಪ್ಪೇ ಇರಲಿ. ತಿಂಡಿಯಿಂದ ರಾತ್ರಿಯ ಊಟದವರೆಗೆ ಎಲ್ಲಕ್ಕೂ ಅದರಿಂದಲೇ. ಮೊದಲ ಕೆಲವು ವಾರ ಸಪ್ಪೆ ಎನಿಸುತ್ತದೆ, ಆಮೇಲೆ ಹೊರಗಿನ ಊಟವೇ ಉಪ್ಪೆನಿಸತೊಡಗುತ್ತದೆ. ನಿಂಬೆರಸ, ಕೊತ್ತಂಬರಿ, ಮೆಣಸು ಆ ದಿನಗಳನ್ನು ದಾಟಿಸುತ್ತವೆ. ಆದರೆ ಉಪ್ಪಿನಕಾಯಿಗೆ ಮಾತ್ರ ಈ ಉಪಾಯ ಬೇಡ. ಉಪ್ಪು ಇಳಿಸಿದರೆ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಹಾಕುವ ಭರಣಿಯನ್ನೂ ತಿನ್ನುವ ಹೋಳನ್ನೂ ಚಿಕ್ಕದು ಮಾಡಿ. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮತ್ತು ಒತ್ತಡದ ಕೆಲವು ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ವಯಸ್ಸಾದವರಿಗೆ, ಅದರಲ್ಲೂ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರಿಗೆ, ಉಪ್ಪನ್ನು ಪೂರ್ತಿ ನಿಲ್ಲಿಸುವುದೂ ಅಪಾಯವೇ.

ಕೈಅಳತೆ ಒಂದಿಷ್ಟೂ ಸಲ್ಲದ ಪಾಕ ಇನ್ನೊಂದಿದೆ, ಅದು ಮಗುವಿಗೆ ಭೇದಿಯಾದಾಗ ಕೊಡುವ ಓ.ಆರ್.ಎಸ್. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿಲಿಲೀಟರಿಗೆ. ಪೊಟ್ಟಣದ ಮೇಲೆ ಬರೆದಿರುವುದನ್ನು ಓದಿಯೇ ಕಲಸಿ. ಮಗು ಕುಡಿಯುವುದು ಸ್ವಲ್ಪವೇ ಎಂದು ದೊಡ್ಡ ಪೊಟ್ಟಣದಿಂದ ಅಂದಾಜಿನಲ್ಲಿ ಲೋಟಕ್ಕೆ ಉದುರಿಸಿದರೆ ದ್ರಾವಣ ಗಟ್ಟಿಯಾಗಿ, ಮಗುವಿನ ರಕ್ತದಲ್ಲಿ ಸೋಡಿಯಂ ಏರಿ, ಫಿಟ್ಸ್ ಬರಬಹುದು. ಪೂರ್ತಿ ಪೊಟ್ಟಣವನ್ನು ಪೂರ್ತಿ ಲೀಟರಿಗೆ ಕಲಸಿ, ಆಮೇಲೆ ಲೋಟಕ್ಕೆ ಬಗ್ಗಿಸಿ. 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ. ಇಲ್ಲಿ ಜಿಪುಣತನ ಬೇಡ.

ಇನ್ನು ಇಂದೇ ಮಾಡಬಹುದಾದ ಕೆಲಸ. ಉಪ್ಪಿನ ಹೊಸ ಪೊಟ್ಟಣ ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆಯಿರಿ, ಮುಗಿದ ದಿನವನ್ನೂ ಬರೆಯಿರಿ. ಮುಂದಿನ ಸಲ ಒತ್ತಡ ನೋಡಿಸಲು ಹೋಗುವಾಗ ಗುಳಿಗೆಯ ಚೀಟಿಯ ಜೊತೆ ಆ ಖಾಲಿ ಪೊಟ್ಟಣವನ್ನೂ ನಿಮ್ಮ ವೈದ್ಯರಿಗೆ ತೋರಿಸಿ.