ಆಪರೇಷನ್ ಆಯಿತು, ಇನ್ನೇನು ಭಯ?

ಎರಡನೆಯ ಮಗುವಾದ ಮೇಲೆ ನಮ್ಮ ಮನೆಗಳಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: "ಆಪರೇಷನ್ ಆಯಿತು, ಇನ್ನೇನು ಭಯ?" ಆಪರೇಷನ್ ಆದದ್ದು ಯಾರಿಗೆ ಎಂದು ಯಾರೂ ಕೇಳುವುದಿಲ್ಲ, ಹೆಂಗಸಿಗೇ ಎಂಬುದು ಎಲ್ಲರಿಗೂ ಗೊತ್ತು. ಹೋದ ಭಯ ಯಾವುದು, ಉಳಿದ ಭಯ ಯಾವುದು ಎಂದೂ ಯಾರೂ ಕೇಳುವುದಿಲ್ಲ. ಈ ಎರಡು ಪ್ರಶ್ನೆಗಳನ್ನು ಕೇಳದಿರುವುದು ಸಭ್ಯತೆಯಲ್ಲ, ಹೊಣೆಗೇಡಿತನ ಎಂಬುದು ನಮ್ಮ ಖಚಿತ ಅಭಿಪ್ರಾಯ.

ವಿಷಯವನ್ನು ನೇರವಾಗಿ ಹೇಳೋಣ. ಗರ್ಭ ನಿಲ್ಲದಂತೆ ನೋಡಿಕೊಳ್ಳುವುದು ಒಂದು ಕೆಲಸ. ರೋಗ ತಗಲದಂತೆ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯ ಕೆಲಸದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೂ ವಂಕಿಗೂ ಸರಿಸಾಟಿಯಿಲ್ಲ. ಇವನ್ನು ಅನುಸರಿಸುವ ನೂರು ಮಂದಿಯಲ್ಲಿ ವರ್ಷಕ್ಕೆ ಒಬ್ಬರಿಗೂ ಗರ್ಭ ನಿಲ್ಲುವುದಿಲ್ಲ ಎನ್ನಬಹುದು. ಗುಳಿಗೆ ನುಂಗುವವರಲ್ಲಿ, ಜನರ ಸಹಜ ಮರೆವನ್ನೂ ಲೆಕ್ಕಕ್ಕೆ ಹಿಡಿದರೆ, ನೂರಕ್ಕೆ ಸುಮಾರು 7 ಮಂದಿಗೆ ಗರ್ಭ ನಿಲ್ಲುತ್ತದೆ. ಕಾಂಡೋಮ್ ಬಳಸುವವರಲ್ಲಿ ಸುಮಾರು 13. ಪ್ರತಿ ಸಲವೂ ಸರಿಯಾಗಿ ಬಳಸಿದರೆ 2. ಈ ಲೆಕ್ಕದಲ್ಲಿ ಕಾಂಡೋಮ್ ಹಿಂದಿನ ಬೆಂಚಿನ ವಿದ್ಯಾರ್ಥಿ, ನಿಜ.

ಆದರೆ ಎರಡನೆಯ ಕೆಲಸಕ್ಕೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಹೆಂಗಸಿನ ಆಪರೇಷನ್ ಆಗಲಿ, ಗಂಡಸಿನದಾಗಲಿ, ವಂಕಿ, ಗುಳಿಗೆ, ಚುಚ್ಚುಮದ್ದು ಆಗಲಿ, ಒಂದೇ ಒಂದು ಗುಹ್ಯರೋಗವನ್ನೂ ತಡೆಯಲಾರದು. 72 ಗಂಟೆಯೊಳಗೆ ನುಂಗುವ ತುರ್ತು ಗುಳಿಗೆಯೂ ಅಷ್ಟೇ. ಎಚ್‌ಐವಿ, ಸಿಫಿಲಿಸ್, ಗೊನೋರಿಯಾ, ಹೆಪಟೈಟಿಸ್-ಬಿ ಇವುಗಳಿಗೆ ಅಡ್ಡ ನಿಂತು, ಜತೆಗೆ ಗರ್ಭವನ್ನೂ ತಡೆಯುವ ಸಾಧನ ಕಾಂಡೋಮ್ ಒಂದೇ. ಹರ್ಪಿಸ್ ಮತ್ತು ಎಚ್‌ಪಿವಿ ಚರ್ಮದ ಸ್ಪರ್ಶದಿಂದ ಹರಡುವುದರಿಂದ ಅಲ್ಲಿ ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಹೆಪಟೈಟಿಸ್-ಬಿ ಹಾಗೂ ಎಚ್‌ಪಿವಿಗೆ ಲಸಿಕೆಯೂ ಉಂಟು. ಆದ್ದರಿಂದ ಎರಡು ಭಯವೂ ಇರುವವರಿಗೆ ವೈದ್ಯರು ಹೇಳುವುದು ಒಂದೇ: ಗರ್ಭಕ್ಕೆ ನಂಬಿಕೆಯ ವಿಧಾನ ಯಾವುದಾದರೂ ಇರಲಿ, ರೋಗಕ್ಕೆ ಕಾಂಡೋಮ್ ಜತೆಗಿರಲಿ.

"ಇವೆಲ್ಲ ನಮ್ಮಂಥವರ ಮನೆಗೆ ಬರುವ ರೋಗಗಳಲ್ಲ" ಎಂದು ಮೂಗು ಮುರಿಯುವವರಿದ್ದಾರೆ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಅಂದಿನಿಂದ ಇಂದಿನವರೆಗೆ, ಗಂಡನೊಬ್ಬನನ್ನು ಬಿಟ್ಟು ಬೇರೆ ಯಾರನ್ನೂ ಅರಿಯದ ಎಷ್ಟೋ ಹೆಂಗಸರಿಗೆ ಆ ಗಂಡನಿಂದಲೇ ಸೋಂಕು ತಗುಲಿದೆ. ಸರ್ಕಾರದ ಏಡ್ಸ್ ನಿಯಂತ್ರಣ ಕಾರ್ಯಕ್ರಮ ವಲಸೆ ಕಾರ್ಮಿಕರ ಮೇಲೂ ಲಾರಿ ಚಾಲಕರ ಮೇಲೂ ವಿಶೇಷವಾಗಿ ಕಣ್ಣಿಟ್ಟಿದೆ. ಸೂಟ್‌ಕೇಸ್ ಹಿಡಿದು ವರ್ಗವಾಗಿ ಬಂದು, ಸಂಸಾರವನ್ನು ಧಾರವಾಡದಲ್ಲೋ ಮೈಸೂರಿನಲ್ಲೋ ಬಿಟ್ಟು, ಇಲ್ಲಿ ಕೋಣೆ ಹಿಡಿದಿರುವ ಅಧಿಕಾರಿಯ ಮೇಲೆ ಯಾರ ಕಣ್ಣೂ ಇಲ್ಲ. ಅವನೂ ವಲಸೆಗಾರನೇ ಅಲ್ಲವೆ? ರೋಗಾಣುವಿಗೆ ಸಂಬಳದ ಶ್ರೇಣಿ ತಿಳಿಯದು. ಗೊನೋರಿಯಾ, ಕ್ಲಮಿಡಿಯಾಗಳು ಹೆಂಗಸರಲ್ಲಿ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರದೆ ಒಳಗೇ ಕೂತು ಬಂಜೆತನ ತರಬಲ್ಲವು. ಆಮೇಲೆ ಆ ಅಪವಾದವನ್ನು ಹೊರುವವಳು ಯಾರೆಂದು ನಾವು ಹೇಳಬೇಕಾಗಿಲ್ಲ.

ಹೊರೆಯ ಮಾತು ಬಂದದ್ದರಿಂದ ಅಂಕಿಗಳನ್ನೂ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಇಡೀ ದೇಶದಲ್ಲಿ ಅವರು ಸುಮಾರು 38. ಗಂಡಸರ ಆಪರೇಷನ್ನನ್ನು ನೆಚ್ಚಿರುವ ದಂಪತಿಗಳು ದೇಶದಲ್ಲಿ ಸಾವಿರಕ್ಕೆ ಮೂವರು! ಗಂಡಸಿನ ಆಪರೇಷನ್ನಿಗೆ ಹೊಟ್ಟೆ ಕೊಯ್ಯಬೇಕಿಲ್ಲ, ಅಪಾಯವೂ ಕಡಿಮೆ; ಮೂರು ತಿಂಗಳು ಕಾದು ವೀರ್ಯ ಪರೀಕ್ಷೆ ಮಾಡಿಸಿಕೊಂಡರೆ ಮುಗಿಯಿತು. ಆದರೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಇದೇ ದೆಹಲಿ ಕಂಡ ಬಲವಂತವನ್ನು ನಮ್ಮ ಹಿರಿಯರು ಮರೆತಿಲ್ಲ. 1976-77ರ ಒಂದೇ ವರ್ಷದಲ್ಲಿ ದೇಶದಾದ್ಯಂತ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ನಡೆದವು, ಬಹುಪಾಲು ಗಂಡಸರಿಗೆ. 'ನಸ್‌ಬಂದಿ' ಎಂಬ ಮಾತಿಗೇ ಗಂಡಸರು ಬೆಚ್ಚುವಂತಾದದ್ದು ಆಗ. ಅದು ಅನ್ಯಾಯವೇ ಸರಿ. ಆದರೆ ಅಷ್ಟು ಹಳೆಯ ಅನ್ಯಾಯದ ದಂಡವನ್ನು ಹೆಂಡತಿ, ಸೊಸೆ, ಮಗಳು ಇಂದಿಗೂ ತೆರಬೇಕೆ?

ಇನ್ನು ಕೆಲವರ ಆತಂಕ ಬೇರೆ: "ಇದನ್ನೆಲ್ಲ ಮಕ್ಕಳ ಮುಂದೆ ಆಡಿದರೆ ಅವರು ಕೆಡುತ್ತಾರೆ." 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಶಾಲೆಯ ಲೈಂಗಿಕ ಶಿಕ್ಷಣಕ್ಕೆ ತಡೆಯೊಡ್ಡಿದ್ದು ಈ ಆತಂಕದಿಂದಲೇ. ಆದರೆ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಯುನೆಸ್ಕೋ ಹೇಳಿರುವುದು ಇದಕ್ಕೆ ವಿರುದ್ಧವಾಗಿದೆ: ಸರಿಯಾದ ತಿಳಿವಳಿಕೆ ಮಕ್ಕಳನ್ನು ಅವಸರಪಡಿಸುವುದಿಲ್ಲ, ಎಚ್ಚರದಿಂದಿರಿಸುತ್ತದೆ. ಬೇರ್ ಸರಾಯ್, ಮುನೀರ್ಕಾಗಳಲ್ಲಿ ಕೋಣೆ ಹಿಡಿದು ಓದುವ ನಮ್ಮ ಹುಡುಗ ಹುಡುಗಿಯರು ನಾವು ಹೇಳದಿದ್ದರೆ ಎಲ್ಲಿಂದಲಾದರೂ ಕಲಿಯುತ್ತಾರೆ. ಕಲಿಯುವುದು ಅರ್ಧ ಸುಳ್ಳನ್ನು, ಅಷ್ಟೇ.

ನಮ್ಮ ನಾಡಿನ ಪರಂಪರೆ ಇಂಥ ಅಂಜುಬುರುಕರದಲ್ಲ. 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರು ಸರ್ಕಾರ ಬೆಂಗಳೂರು ಮೈಸೂರುಗಳ ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆಜ್ಞೆ ಮಾಡಿತು. ಜಗತ್ತಿನ ಸರ್ಕಾರಗಳಲ್ಲೇ ಇದು ಮೊಟ್ಟಮೊದಲ ಸಾಹಸಗಳಲ್ಲೊಂದು. ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ ಗರ್ಭನಿರೋಧಕ ತಯಾರಿಸುವ ಸರ್ಕಾರಿ ಕಾರ್ಖಾನೆಯೇ ಇದೆ. ಅದೇ ನಾಡಿನ ನಾವು ಹೌಜ್ ಖಾಸ್ ಮಾರ್ಕೆಟ್ಟಿನ ಔಷಧಿ ಅಂಗಡಿಯ ಮುಂದೆ, ಉಳಿದ ಗಿರಾಕಿಗಳು ಹೋಗಲೆಂದು ಕಾದು ನಿಂತು, ಪಿಸುಮಾತಿನಲ್ಲಿ ಕೇಳಿ, ಕಾಗದದಲ್ಲಿ ಸುತ್ತಿಸಿಕೊಂಡು ಬರುತ್ತೇವೆ. ಹೌಜ್ ಖಾಸ್‌ನಿಂದ ಅರವಿಂದ ಮಾರ್ಗ ಹಿಡಿದರೆ ಕೆಲವೇ ನಿಮಿಷಕ್ಕೆ ಏಮ್ಸ್, ಅದರೆದುರಿಗೆ ಸಫ್ದರ್‌ಜಂಗ್ ಆಸ್ಪತ್ರೆ. ಇತ್ತ ಮುನೀರ್ಕಾದಲ್ಲಿ ರಾಷ್ಟ್ರೀಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆ. ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ.

ಹೊರನಾಡ ಕನ್ನಡಿಗರಾದ ನಮಗೆ ಇಲ್ಲಿ ಸೋದರತ್ತೆ, ಅಜ್ಜಿ, ಊರಿನ ಪರಿಚಯದ ಡಾಕ್ಟರು ಯಾರೂ ಇಲ್ಲ. ಆ ಜಾಗವನ್ನು ತುಂಬಬೇಕಾದದ್ದು ಸಂಘ. ಆರೋಗ್ಯ ಶಿಬಿರವೆಂದರೆ ಸಕ್ಕರೆ, ರಕ್ತದೊತ್ತಡ, ಕನ್ನಡಕ ಇಷ್ಟೇ ಆಗಬಾರದು. ಕನ್ನಡ ಬಲ್ಲ ವೈದ್ಯರಿಂದ ಈ ವಿಷಯದ ಮೇಲೂ ಉಪನ್ಯಾಸವಾಗಲಿ. ಅದಕ್ಕೆ ಮಹಿಳಾ ವಿಭಾಗವನ್ನಷ್ಟೇ ಕರೆದು ಕೈತೊಳೆದುಕೊಳ್ಳದೆ ಗಂಡಸರನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, 1097 ಸಹಾಯವಾಣಿಗೆ ಕರೆಯೂ ಉಚಿತ. ಪರೀಕ್ಷೆಯ ಫಲಿತಾಂಶವನ್ನು ಗುಟ್ಟಾಗಿಡಬೇಕೆಂದು 2017ರ ಕಾನೂನೇ ಹೇಳುತ್ತದೆ. ಇಷ್ಟನ್ನು ಸಂಘದ ಫಲಕದ ಮೇಲೆ ಬರೆಯಲು ಯಾವ ನಾಚಿಕೆ? ಮದುವೆಗೆ ಮುಂಚೆ ಮೂರು ಕಡೆ ಜಾತಕ ತೋರಿಸುವ ತಂದೆತಾಯಿಗಳು, ಹುಡುಗ ಹುಡುಗಿ ಇಬ್ಬರೂ ಒಪ್ಪಿದರೆ, ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಲಿ. ಸಿಫಿಲಿಸ್, ಗೊನೋರಿಯಾಗಳು ಔಷಧಿಯಿಂದ ಗುಣವಾಗುತ್ತವೆ. ಎಚ್‌ಐವಿ ಇದ್ದವರೂ ಮಾತ್ರೆ ತಪ್ಪಿಸದಿದ್ದರೆ ದೀರ್ಘಕಾಲ ಬಾಳುತ್ತಾರೆ. ಗುಣವಾಗದೆ ಉಳಿಯುವುದು ಮುಚ್ಚಿಟ್ಟ ರೋಗ.

ಬಾಯಿ ತೆರೆಯುವ ಕೆಲಸ ಈ ಬಾರಿ ಗಂಡಸರಿಂದಲೇ ಆರಂಭವಾಗಲಿ. ಹೆಂಗಸರು ಅವರ ಪಾಲಿನದನ್ನೂ ಸೇರಿಸಿ ಬಹಳ ಕಾಲ ಹೊತ್ತಿದ್ದಾರೆ.