ಸ್ಟೇರಿಂಗ್ ಬಿಗಿಯಾದ ತಕ್ಷಣ 48,000 ಎಣಿಸ್ಬೇಡಿ

ಅಡಿಕೆ ಕೊಯ್ಲಿನ ಗಡಿಬಿಡೀಲಿ ಇವ ಕಾರಿನ ಪುರಾಣ ಯಾಕೆ ತೆಗೆದ ಅಂತ ಬೈಕೊಳ್ಬೇಡಿ. ಹೆಚ್ಚುಕಮ್ಮಿ ಒಂದು ಕ್ವಿಂಟಾಲ್ ಅಡಿಕೆ ದುಡ್ಡು ಸುಮ್ಮನೆ ಹೋಗೋದು ಸ್ವಲ್ಪದ್ರಲ್ಲಿ ಉಳೀತು, ಅದಕ್ಕೆ ಬರೀತಿದೀನಿ.

ಹೋದ ತಿಂಗಳು ತೀರ್ಥಹಳ್ಳಿಯಿಂದ ವಾಪಸ್ ಬರುವಾಗ ತಿರುವಿನಲ್ಲಿ ಸ್ಟೇರಿಂಗ್ ಒಮ್ಮೆಗೇ ಕಲ್ಲಿನ ಹಾಗೆ ಬಿಗಿಯಾಯ್ತು. ಎದುರಿಗೆ ಇಪಿಎಸ್ ಅಂತ ಹಳದಿ ದೀಪ. ಒಂದು ವಿಷಯ ಎಲ್ರೂ ತಿಳ್ಕೊಳ್ಳಿ: ಕರೆಂಟಿನ ಸಹಾಯ ನಿಂತ್ರೂ ಸ್ಟೇರಿಂಗಿಗೂ ಚಕ್ರಕ್ಕೂ ಇರೋ ಕಬ್ಬಿಣದ ಸಂಬಂಧ ತಪ್ಪೋದಿಲ್ಲ. ಎರಡೂ ಕೈಯಲ್ಲಿ ಬಲ ಹಾಕಿ ಎಳೆದ್ರೆ ತಿರುಗ್ತದೆ. ಗಾಬರಿಯಾಗಿ ಕೈ ಬಿಟ್ರೆ ಗದ್ದೆಗೇ ಇಳಿಯೋದು. ಬದಿಗೆ ನಿಲ್ಲಿಸಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ, ಹಗುರಾಯ್ತು. ಮಾರನೇ ದಿನ ಮತ್ತೆ ಅದೇ ಕಥೆ.

ವರ್ಕ್‌ಶಾಪಿನ ಹೆಸರು ಹೇಳೋದಿಲ್ಲ. ಸ್ಕ್ಯಾನರ್ ಚುಚ್ಚಿದ್ರು, ಹತ್ತು ನಿಮಿಷದಲ್ಲಿ ತೀರ್ಪು ಬಂತು. "ಕಾಲಂ ಅಸೆಂಬ್ಲಿ ಹೋಗಿದೆ ಸಾರ್. ಪೂರ್ತಿ ಬದಲಿಸ್ಬೇಕು, 48,000 ಆಗ್ತದೆ." ಯಾವ ಕೋಡ್ ಬಂತು ಅಂದೆ. "ಅದೆಲ್ಲ ನಿಮಗೆ ಗೊತ್ತಾಗಲ್ಲ." ವೋಲ್ಟೇಜ್ ನೋಡಿದ್ರಾ ಅಂದೆ. "ಸ್ಟಾರ್ಟ್ ಆಗ್ತಿದೆಯಲ್ಲ ಸಾರ್, ಬ್ಯಾಟರಿ ಸರಿಯಾಗೇ ಇದೆ."

ನನ್ನ ಜಗಳ ಇರೋದು ಇಲ್ಲೇ. ಪಂಪ್‌ಸೆಟ್ ಓಡ್ಲಿಲ್ಲ ಅಂದ್ರೆ ನಾವು ಯಾರಾದ್ರೂ ಮೊದಲೇ ಬೋರ್‌ವೆಲ್‌ನಿಂದ ಮೋಟರ್ ಎತ್ತಿಸ್ತೀವಾ? ಟಿಸಿ ಹತ್ರ ಫ್ಯೂಸ್ ನೋಡ್ತೀವಿ, ಮೂರೂ ಫೇಸ್ ಬಂತಾ ನೋಡ್ತೀವಿ, ಸ್ಟಾರ್ಟರ್ ಬಾಕ್ಸ್ ತೆಗೆದು ಮೂಸಿ ನೋಡ್ತೀವಿ. ಎಸ್ಸೆಸ್ಸೆಲ್ಸಿ ಓದಿದ ನನಗೇ ಗೊತ್ತಿರೋ ಈ ಕ್ರಮ ಎಸಿ ರೂಮಿನಲ್ಲಿ ಬಿಲ್ ಬರೆಯೋರಿಗೆ ಗೊತ್ತಿಲ್ವಾ?

ಇಪಿಎಸ್ ಅಂದ್ರೂ ಒಂದು ಮೋಟರೇ, 12 ವೋಲ್ಟಿಂದು. ನಿಂತಲ್ಲೇ ತಿರುಗಿಸಿದ್ರೆ 50 ಆಂಪಿಯರ್‌ವರೆಗೂ ಎಳೀಬಹುದು. ಅರ್ತ್ ಬೋಲ್ಟಿನಲ್ಲಿ ತುಕ್ಕು ಹಿಡಿದು ಬರೀ 0.1 ಓಮ್ ಅಡ್ಡ ಬಂದ್ರೂ ಅಲ್ಲೇ 5 ವೋಲ್ಟ್ ಹೋಯ್ತು. 14 ಇದ್ದದ್ದು 9 ಆಗ್ತದೆ. ಅಷ್ಟು ಇಳಿದ್ರೆ ಕಂಟ್ರೋಲ್ ಯೂನಿಟ್ ಸಹಾಯ ನಿಲ್ಲಿಸಿ ದೀಪ ಹಾಕ್ತದೆ. ಹೆಡ್‌ಲೈಟು, ಹಾರ್ನು ಕಡಿಮೆ ಎಳೀತವೆ, ಅದಕ್ಕೆ ಅವು ಸರಿಯಾಗೇ ಇದ್ದ ಹಾಗೆ ಕಾಣ್ತದೆ. ಇನ್ನು ಸ್ಟಾರ್ಟ್ ಆಗ್ತದಲ್ಲ ಅನ್ನೋ ಮಾತು. ಸ್ಟಾರ್ಟರಿನ ಕರೆಂಟು ವಾಪಸ್ ಬರೋದು ಎಂಜಿನ್ ಅರ್ತಿನಿಂದ, ಸ್ಟೇರಿಂಗಿಂದು ಹೆಚ್ಚಿನ ಗಾಡೀಲಿ ಬಾಡಿ ಅರ್ತಿನಿಂದ. ದಾರಿಯೇ ಬೇರೆ. ಒಂದು ಸರಿ ಇದೆ ಅಂತ ಇನ್ನೊಂದಕ್ಕೆ ಸರ್ಟಿಫಿಕೇಟ್ ಕೊಡೋಕಾಗಲ್ಲ.

ಗಾಡಿ ಮನೆಗೆ ತಂದೆ. ಪಂಪಿನ ಸ್ಟಾರ್ಟರ್ ನೋಡೋಕಿಟ್ಟ ಮಲ್ಟಿಮೀಟರ್ ಇತ್ತು. ಎಂಜಿನ್ ಓಡ್ತಾ ಇರುವಾಗ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಬಾಡಿಯ ಬಣ್ಣ ಇಲ್ಲದ ಲೋಹಕ್ಕೆ ಹಿಡಿದು, ಮಗನಿಗೆ ಸ್ಟೇರಿಂಗ್ ತಿರುಗಿಸೋ ಅಂದೆ. 0.2 ವೋಲ್ಟ್ ಒಳಗೆ ಇರ್ಬೇಕಿತ್ತು. 3 ದಾಟ್ತು! ಬ್ಯಾಟರಿ ತಟ್ಟೆ ಕೆಳಗಿನ ಅರ್ತ್ ಬೋಲ್ಟ್ ಬಿಚ್ಚಿದ್ರೆ ಹಸಿರು ಕಿಲುಬು. ಇಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡೋದಿಲ್ಲ. ಎರಡು ವರ್ಷದ ಹಿಂದೆ ಫಾಗ್ ಲೈಟ್ ಹಾಕಿಸುವಾಗ ಆ ಹುಡುಗ ಅದೇ ಬೋಲ್ಟಿಗೆ ಇನ್ನೊಂದು ವೈರ್ ಸಿಕ್ಕಿಸಿ ಅರ್ಧ ಬಿಗಿ ಮಾಡಿ ಹೋಗಿದ್ದ. ನಾನೂ ನೋಡ್ಲಿಲ್ಲ. ನಮ್ಮ ಕಡೆ ಮಳೆಗೆ ಅಷ್ಟೇ ಸಾಕು. ಬ್ಯಾಟರಿ ವೈರ್ ಬಿಚ್ಚಿಟ್ಟು, ಸ್ಯಾಂಡ್ ಪೇಪರ್ ಹಾಕಿ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದೆ. ಅವತ್ತಿಂದ ಇವತ್ತಿನವರೆಗೆ ದೀಪ ಬಂದಿಲ್ಲ.

ಹಾಗಂತ ಎಲ್ಲ ಕೇಸೂ ಬೋಲ್ಟೇ ಅಂತ ನಾನು ಹೇಳ್ತಿಲ್ಲ. ಟಾರ್ಕ್ ಸೆನ್ಸರ್ ನಿಜವಾಗ್ಲೂ ಹೋಗ್ತದೆ, ಇಲಿ ವೈರ್ ಕಡೀತದೆ, ಆಲ್ಟರ್ನೇಟರ್ ಸೋಲ್ತದೆ. ಒಂದು ಕಡೆಗೆ ಹಗುರ, ಇನ್ನೊಂದು ಕಡೆಗೆ ಭಾರ ಆದ್ರೆ ಸುಮ್ಮನೆ ಓಡಿಸ್ಬೇಡಿ, ತೋರಿಸಿ. ಕಾಲಂ ಬಿಚ್ಚೋಕೆ ನೀವೇ ಕೈ ಹಾಕ್ಬೇಡಿ, ಏರ್‌ಬ್ಯಾಗ್ ಅಲ್ಲೇ ಇರೋದು. ಬದಲಿಸ್ಲೇಬೇಕಾದ್ರೆ ಬದಲಿಸೋಣ, ಆದ್ರೆ ಪರೀಕ್ಷೆ ಮಾಡಿ ಆದ್ಮೇಲೆ.

ಹಳೇ ಗಾಡಿಯೇ ಚೆಂದ ಅನ್ನೋರ ಮಾತನ್ನೂ ನಾನು ಒಪ್ಪಲ್ಲ. ಗಾಡಿ ಕಷ್ಟ ಆಗ್ತಿದೆ ಅಂತ ದೀಪ ಹಾಕಿ ಹೇಳ್ತು, ಕೇಳಿಸ್ಕೊಳ್ಳದೇ ಇದ್ದವರು ಮನುಷ್ಯರು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿಗೆ ಅಂತ ಸಮಿತಿ ಮಾಡ್ತು. ಕೃಷಿ ಉಪಕರಣ, ವಾಹನ ಎರಡೂ ಅದರಲ್ಲಿವೆ. ಒಳ್ಳೇದೇ. ಆದ್ರೆ ನಮ್ಮ ಗಾಡಿಯ ಕೋಡ್ ನಮಗೇ ಹೇಳದೇ ಇರೋ ಕೌಂಟರಿನ ಮುಂದೆ ನಿಂತು ಕೇಳ್ಬೇಕಾದವರು ನಾವೇ.

ಮೂರು ಬರಹ ಕೇಳಿ. ಬಂದ ಕೋಡ್ ಯಾವುದು, ಅಳಿಸೋಕೆ ಮೊದಲು. ಎಂಜಿನ್ ಓಡುವಾಗ ಬ್ಯಾಟರಿ ವೋಲ್ಟೇಜ್ ಎಷ್ಟು. ಸ್ಟೇರಿಂಗ್ ತಿರುಗಿಸುವಾಗ ಅರ್ತಿನಲ್ಲಿ ಕಳೆದದ್ದು ಎಷ್ಟು. ಜಾಬ್ ಕಾರ್ಡಿನಲ್ಲೇ ಬರೆಸಿ. ಬರೆಯಲ್ಲ ಅಂದ್ರೆ ಗಾಡಿ ಬಿಡ್ಬೇಡಿ. ಬದಲಿಸಿದ್ರೆ ಹಳೇ ಕಾಲಂ ವಾಪಸ್ ಕೇಳಿ ಡಿಕ್ಕಿಗೆ ಹಾಕ್ಕೊಂಡೇ ಬನ್ನಿ.